ತೂಕ ನಿಂತಾಗ ಬಾಗಿಲು ತಟ್ಟುವ ಡಿಟಾಕ್ಸ್

ತೂಕ ಇಳಿಸುವ ಚುಚ್ಚುಮದ್ದುಗಳ ಕಾಲ ನಮ್ಮಲ್ಲೂ ಶುರುವಾಗಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವಿಗೋವಿ ಭಾರತದ ಔಷಧ ಅಂಗಡಿಗಳಿಗೆ ಬಂದವು. ವಿಗೋವಿಯಲ್ಲಿರುವ ಸೆಮಗ್ಲುಟೈಡ್‌ನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗಿನದು. ಅಲ್ಲಿಂದಾಚೆ ದೇಶೀ ಕಂಪನಿಗಳ ಅಗ್ಗದ ಮದ್ದಿಗೆ ದಾರಿ ತೆರೆದಂತೆಯೇ. ಜಿಮ್, ಕೀಟೊ, ದಿನಕ್ಕೆ ಎರಡೇ ಊಟದ ಪದ್ಧತಿ, ರಾತ್ರಿಗೆ ಸಿರಿಧಾನ್ಯದ ಗಂಜಿ ಇವೆಲ್ಲ ಮೊದಲೇ ಮನೆಮನೆಗೆ ಬಂದಿವೆ. ಹಾಗಾಗಿ ಇನ್ನು ಕೆಲವೇ ದಿನಗಳಲ್ಲಿ, ಹಿಂದೆಂದೂ ಇಲ್ಲದಷ್ಟು ಜನ ಒಂದಿಷ್ಟು ತೂಕ ಇಳಿಸಿಕೊಂಡಿರುತ್ತಾರೆ. ಅವರಲ್ಲಿ ಬಹುಪಾಲು ಜನರ ತೂಕ ಎಲ್ಲೋ ಒಂದು ಕಡೆ ಬಂದು ನಿಂತೂ ಇರುತ್ತದೆ. ಡಿಟಾಕ್ಸ್ ವ್ಯಾಪಾರ ಕಾದು ಕುಳಿತಿರುವುದು ಇವರಿಗಾಗಿ.

ಅದರ ಮಾತು ಹೆಚ್ಚುಕಡಿಮೆ ಒಂದೇ ಬಗೆಯದು: ‘ಒಳಗೆ ಟಾಕ್ಸಿನ್ ತುಂಬ್ಕೊಂಡಿದೆ, ಅದಕ್ಕೇ ತೂಕ ಸ್ಟಕ್ ಆಗಿದೆ. ಮೂರು ದಿನ ಕ್ಲೆನ್ಸ್ ಮಾಡಿ, ಮೆಟಬಾಲಿಸಂ ರೀಸೆಟ್ ಆಗುತ್ತೆ.’ ರೀಲ್ಸ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಜಿಮ್‌ನ ಕೌಂಟರಿನಲ್ಲಿ ಇದು ಕಿವಿಗೆ ಬೀಳುತ್ತಲೇ ಇದೆ. ಈ ಮಾತಿಗೆ ಮರುಳಾಗುವವರು ಮೈಗಳ್ಳರೇನಲ್ಲ. ಆರು ತಿಂಗಳು ಅನ್ನ ಕಡಿಮೆ ಮಾಡಿ, ನಸುಕಿನಲ್ಲೆದ್ದು ನಡೆದು, ಮದುವೆಮನೆಯ ಪಂಕ್ತಿಯಲ್ಲಿ ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿದು ಎಂಟು ಕಿಲೊ ಇಳಿಸಿದವರು. ಆಮೇಲೆ ತಿಂಗಳುಗಟ್ಟಲೆ ಮುಳ್ಳು ಅಲ್ಲಾಡದಿದ್ದಾಗ ಅವರಿಗಾಗುವ ಹತಾಶೆಯೇ ಈ ವ್ಯಾಪಾರದ ಬಂಡವಾಳ.

ನಿಂತ ತೂಕವನ್ನು ಡಿಟಾಕ್ಸ್ ಇಳಿಸುವುದಿಲ್ಲ. ಇಳಿಸಿದಂತೆ ತೋರಿಸುತ್ತದೆ. ಸಕ್ಕರೆ ಕಾಯಿಲೆಗೆ, ಬಿಪಿಗೆ ಮಾತ್ರೆ ನುಂಗುತ್ತಿರುವವರಿಗೆ ಈ ಆಟ ಪ್ರಾಣಕ್ಕೂ ಮುಳುವಾಗಬಹುದು. ಆಸ್ಪತ್ರೆಯ ತುರ್ತುಚಿಕಿತ್ಸೆಯ ಹಾಸಿಗೆಗಳು ತುಂಬುವ ತನಕ ಕಾಯದೆ ಈಗಲೇ ಇದನ್ನು ಹೇಳಬೇಕಾಗಿದೆ.

ತೂಕ ಏಕೆ ನಿಲ್ಲುತ್ತದೆ ಎಂಬುದರಲ್ಲಿ ಗುಟ್ಟೇನೂ ಇಲ್ಲ. 82 ಕಿಲೊ ಹೊತ್ತು ಮೆಟ್ಟಿಲು ಹತ್ತುವ ದೇಹಕ್ಕೆ ಬೇಕಾಗುವಷ್ಟು ಶಕ್ತಿ 74 ಕಿಲೊದ ದೇಹಕ್ಕೆ ಬೇಡ. ಇಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಆದರೆ ತೂಕ ಇಳಿದದ್ದನ್ನು ದೇಹ ಬರಗಾಲವೆಂದೇ ತಿಳಿದು, ಖರ್ಚನ್ನು ಇನ್ನಷ್ಟು ಬಿಗಿ ಹಿಡಿಯುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ಇದನ್ನು ಅಳೆದರು. ಸ್ವಯಂಸೇವಕರಾಗಿ ಬಂದಿದ್ದ ಆ ಯುವಕರ ತೂಕ ಕಾಲುಭಾಗದಷ್ಟು ಇಳಿಯಿತು. ಸುಮ್ಮನೆ ಮಲಗಿದ್ದಾಗ ದೇಹ ಸುಡುವ ಶಕ್ತಿ ಶೇಕಡ 40ರಷ್ಟು ಕುಸಿಯಿತು. ಹೃದಯದ ಬಡಿತ ನಿಧಾನವಾಯಿತು, ಬೇಸಿಗೆಯಲ್ಲೂ ಮೈ ಚಳಿಗುಟ್ಟುತ್ತಿತ್ತು, ಊಟದ ಹೊರತು ಬೇರೆ ಯೋಚನೆಯೇ ಬರುತ್ತಿರಲಿಲ್ಲ. ನಮ್ಮ ಮನೆಗಳ ಡಯಟ್ ಅಷ್ಟು ಕಠಿಣವಲ್ಲ, ನಿಜ. ಆದರೆ ದೇಹ ನಡೆದುಕೊಳ್ಳುವ ರೀತಿ ಅದೇ, ಪ್ರಮಾಣ ಮಾತ್ರ ಚಿಕ್ಕದು.

ಖರ್ಚು ಕಡಿಮೆಯಾಗುವುದಕ್ಕಿಂತ ದೊಡ್ಡ ಒತ್ತಡ ಹಸಿವಿನದು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಇಳಿದ ಪ್ರತಿ ಕಿಲೊಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಇಳಿದರೆ, ಹಸಿವು ಸುಮಾರು 100 ಕ್ಯಾಲೊರಿ ಏರುತ್ತದೆ. ಎಂಟು ಕಿಲೊ ಇಳಿಸಿದ ಗೃಹಿಣಿಯನ್ನೇ ತೆಗೆದುಕೊಳ್ಳಿ. ಅವರ ದೇಹ ಮೊದಲಿಗಿಂತ 200 ಕ್ಯಾಲೊರಿಯಷ್ಟು ಕಡಿಮೆ ಖರ್ಚು ಮಾಡುತ್ತಿದೆ. ಅದೇ ದೇಹ ಇನ್ನೂ 800 ಕ್ಯಾಲೊರಿ ಕೊಡು ಎಂದು ದಿನವಿಡೀ ಕೇಳುತ್ತಿದೆ. ಒಗ್ಗರಣೆಗೆ ಒಂದು ದೊಡ್ಡ ಚಮಚ ಎಣ್ಣೆ ಹೆಚ್ಚಿಗೆ ಬಿದ್ದರೆ ಅಲ್ಲಿಗೆ 120 ಕ್ಯಾಲೊರಿ. ಟಿವಿ ಮುಂದೆ ಕೂತು ತಿಂದ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜಕ್ಕೆ 170. ಯಾರೂ ಗಮನಿಸದಷ್ಟು ಸಣ್ಣ ಇಂಥ ಒಂದೆರಡು ಸೇರ್ಪಡೆಯಲ್ಲೇ ಒಳಬರುವುದೂ ಹೊರಹೋಗುವುದೂ ಸಮವಾಗಿಬಿಡುತ್ತವೆ. ಹಸಿವನ್ನು ಕಟ್ಟುವ ಹಾರ್ಮೋನುಗಳೂ ಬೇಗ ಮೊದಲಿನ ಸ್ಥಿತಿಗೆ ಬರುವುದಿಲ್ಲ. 50 ಮಂದಿಯನ್ನು ಹತ್ತು ವಾರ ಕಡಿಮೆ ಆಹಾರದಲ್ಲಿಟ್ಟು, ಒಂದು ವರ್ಷದ ನಂತರ ಮತ್ತೆ ಪರೀಕ್ಷಿಸಿದ ಆಸ್ಟ್ರೇಲಿಯಾದ ಅಧ್ಯಯನ 2011ರಲ್ಲಿ ಬಂತು. ಅಷ್ಟು ದಿನ ಕಳೆದ ಮೇಲೂ ಅವರ ಹಾರ್ಮೋನುಗಳು ಹಸಿವಿನ ಪಕ್ಷದಲ್ಲೇ ಇದ್ದವು.

ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಇದರಿಂದ ಬಿಡುಗಡೆ ಇಲ್ಲ. ಆ ಮದ್ದುಗಳ ದೊಡ್ಡ ಪ್ರಯೋಗಗಳಲ್ಲೂ ಒಂದು ವರ್ಷ ದಾಟುವ ಹೊತ್ತಿಗೆ ತೂಕದ ಗೆರೆ ಮಟ್ಟಸವಾಗುತ್ತದೆ. ಒಟ್ಟಿನಲ್ಲಿ, ತೂಕ ನಿಲ್ಲುವುದು ಇಷ್ಟು ತೂಕ ಇಳಿಸಿದ್ದರ ಫಲ. ಈ ಲೆಕ್ಕದಲ್ಲಿ ಕೊಳೆ, ಕಲ್ಮಶ, ವಿಷ ಯಾವುದಕ್ಕೂ ಜಾಗವಿಲ್ಲ.

ಹಾಗಿದ್ದರೆ ಮೂರು ದಿನ ಜ್ಯೂಸ್ ಕುಡಿದವರ ತೂಕ ಎರಡು ಕಿಲೊ ಇಳಿಯುವುದು ಸುಳ್ಳೇ? ಸುಳ್ಳಲ್ಲ, ಇಳಿಯುತ್ತದೆ. ನಮ್ಮ ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಂನಷ್ಟು ಗ್ಲೈಕೊಜನ್ ಎಂಬ ಸಂಗ್ರಹದ ಸಕ್ಕರೆ ಇರುತ್ತದೆ. ಅದರ ಒಂದೊಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟ ಬಿಟ್ಟರೆ ದೇಹ ಮೊದಲು ಇದನ್ನು ಖಾಲಿ ಮಾಡುತ್ತದೆ. ಜೊತೆಗಿದ್ದ ನೀರು ಮೂತ್ರವಾಗಿ ಹೋಗುತ್ತದೆ. ಉಪ್ಪು, ಉಪ್ಪಿನಕಾಯಿ, ಹಪ್ಪಳ ನಿಂತಾಗ ಇನ್ನಷ್ಟು ನೀರು ಇಳಿಯುತ್ತದೆ. ಕರುಳು ಬರಿದಾದ ತೂಕವೂ ಸೇರಿದರೆ ಎರಡು ಕಿಲೊ ಆಯಿತು. ನಾಲ್ಕನೇ ದಿನ ಅನ್ನ ಸಾರು ಉಂಡರೆ ಅದೆಲ್ಲ ವಾಪಸು. ಆಗ ಸಿಗುವ ಸಲಹೆ, ‘ನೋಡಿ, ಟಾಕ್ಸಿನ್ ಮತ್ತೆ ಸೇರ್ಕೊಳ್ತು, ತಿಂಗಳಿಗೊಂದ್ಸಲ ಮಾಡ್ಬೇಕು.’ ಇದನ್ನು ನಂಬಿ ತಿಂಗಳು ತಿಂಗಳೂ ದುಡ್ಡು ಸುರಿಯುವವರ ಕೊಬ್ಬು ಬಹುಪಾಲು ಇದ್ದಲ್ಲೇ ಇರುತ್ತದೆ. ಸ್ನಾಯುವೂ ಕರಗುತ್ತದೆ. ಜ್ಯೂಸ್‌ನಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ; ದಿನಗಟ್ಟಲೆ ಅದನ್ನೇ ಕುಡಿದರೆ ದೇಹ ತನ್ನ ಸ್ನಾಯುವನ್ನೇ ಒಡೆದು ಬಳಸಿಕೊಳ್ಳುತ್ತದೆ. ಸ್ನಾಯು ಕಡಿಮೆಯಾದಷ್ಟೂ ದಿನದ ಖರ್ಚು ಇಳಿಯುತ್ತದೆ. ನಿಂತ ತೂಕಕ್ಕೆ ಮದ್ದು ಎಂದು ಕುಡಿದದ್ದೇ ಅದು ಇನ್ನಷ್ಟು ಗಟ್ಟಿಯಾಗಿ ನಿಲ್ಲಲು ಕಾರಣವಾಗುತ್ತದೆ.

ಇನ್ನು ವಿಷದ ಮಾತು. 2009ರಲ್ಲಿ ಬ್ರಿಟನ್ನಿನ ಸೆನ್ಸ್ ಅಬೌಟ್ ಸೈನ್ಸ್ ಸಂಸ್ಥೆಯ ಯುವ ವಿಜ್ಞಾನಿಗಳು 15 ಡಿಟಾಕ್ಸ್ ಉತ್ಪನ್ನಗಳ ತಯಾರಕರನ್ನು ಸಂಪರ್ಕಿಸಿ, ಡಿಟಾಕ್ಸ್ ಎಂದರೇನು, ಪುರಾವೆ ಏನು ಎಂದು ಕೇಳಿದರು. ಯಾವ ಇಬ್ಬರ ವಿವರಣೆಯೂ ಒಂದೇ ಆಗಿರಲಿಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಈ ವಿಷಯದ ಅಧ್ಯಯನಗಳನ್ನೆಲ್ಲ ಜಾಲಾಡಿದಾಗ, ಮಾರಾಟಕ್ಕಿರುವ ಡಿಟಾಕ್ಸ್ ಡಯಟ್‌ಗಳನ್ನು ಸರಿಯಾದ ಹೋಲಿಕೆ ಗುಂಪಿನೊಂದಿಗೆ ಪರೀಕ್ಷಿಸಿದ ಒಂದು ಪ್ರಯೋಗವೂ ಸಿಗಲಿಲ್ಲ. ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಯಕೃತ್ತು ಔಷಧ, ಮದ್ಯ, ಅಮೋನಿಯಾ ಎಲ್ಲವನ್ನೂ ಹೊರಹಾಕಲು ಬರುವಂತೆ ಬದಲಿಸುತ್ತಲೇ ಇರುತ್ತದೆ. ಇವು ಕೆಟ್ಟರೆ ಡಯಾಲಿಸಿಸ್ ಬೇಕಾಗುತ್ತದೆ, ಯಕೃತ್ ಕಸಿ ಬೇಕಾಗುತ್ತದೆ. ಸೌತೆಕಾಯಿ ನೀರಿನಿಂದ ಆಗುವ ಕೆಲಸ ಅದಲ್ಲ.

ಡಿಟಾಕ್ಸ್ ಚಹಾದ ಪೊಟ್ಟಣ ಕೈಗೆ ಬಂದರೆ ಮುಂಬದಿಯ ತೆಳ್ಳಗಿನ ಸೊಂಟದ ಚಿತ್ರ ಬಿಟ್ಟು ಹಿಂದೆ ತಿರುಗಿಸಿ ಓದಿ. ಗ್ರೀನ್ ಟೀ, ಶುಂಠಿ, ನಿಂಬೆಹುಲ್ಲು, ದಾಲ್ಚಿನ್ನಿ ಇರುತ್ತವೆ. ಅವುಗಳ ಬಗ್ಗೆ ತಕರಾರಿಲ್ಲ. ನೋಡಬೇಕಾದದ್ದು ಎರಡು ಹೆಸರು. ಮೊದಲನೆಯದು ಸೆನ್ನಾ, ಅಂದರೆ ನಮ್ಮ ಸೋನಾಮುಖಿ. ರಾತ್ರಿ ಕುಡಿದರೆ ಬೆಳಗ್ಗೆ ಭೇದಿ. ಹೊಟ್ಟೆ ಒಳಗೆ ಹೋದಂತೆ, ಮೈ ಹಗುರಾದಂತೆ ಅನಿಸುತ್ತದೆ. ಆದರೆ ಅನ್ನದ ಕ್ಯಾಲೊರಿ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಸೋನಾಮುಖಿ ಕೆಲಸ ಮಾಡುವುದು ಅದಾದ ಮೇಲೆ ಬರುವ ದೊಡ್ಡ ಕರುಳಿನಲ್ಲಿ. ಭೇದಿ ಮಾತ್ರೆಗಳನ್ನು ವಿಪರೀತ ನುಂಗುತ್ತಿದ್ದವರನ್ನು 1983ರಲ್ಲಿ ಪರೀಕ್ಷಿಸಿದಾಗ, ನಾಲ್ಕರಿಂದ ಆರು ಲೀಟರ್ ಭೇದಿಯಾಗುವಷ್ಟು ಕೊಟ್ಟರೂ ತಪ್ಪಿದ್ದು ತಿಂದ ಕ್ಯಾಲೊರಿಯ ಶೇಕಡ 12 ಮಾತ್ರ. ನೀರು, ಸೋಡಿಯಂ, ಪೊಟ್ಯಾಸಿಯಂ ಮಾತ್ರ ಧಾರಾಳವಾಗಿ ಹೋಗುತ್ತವೆ. ಎರಡನೆಯ ಹೆಸರು ಲಿಕೊರೈಸ್, ಅಂದರೆ ಜ್ಯೇಷ್ಠಮಧು. ರುಚಿಗೆಂದು ಹಾಕುತ್ತಾರೆ. ಕೆಮ್ಮು ಬಂದಾಗ ಒಂದು ಚೂರು ಬಾಯಲ್ಲಿಟ್ಟುಕೊಂಡರೆ ಏನೂ ಆಗದು. ದಿನವೂ ಕಷಾಯದಂತೆ ಕುಡಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕುಡಿಯುವವರು ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ನುಂಗುತ್ತಿದ್ದಾರೆ ಎಂದುಕೊಳ್ಳಿ. ಅದೂ ಪೊಟ್ಯಾಸಿಯಂ ಕಳೆಯುವಂಥದ್ದೇ. ಮೂರೂ ಕಡೆಯಿಂದ ಪೊಟ್ಯಾಸಿಯಂ ಸೋರಿದಾಗ ಮೊದಲು ಕಾಲಿನ ಮೀನಖಂಡ ಹಿಡಿಯುತ್ತದೆ, ಸುಸ್ತಾಗುತ್ತದೆ, ಆಮೇಲೆ ಹೃದಯದ ಲಯ ತಪ್ಪುತ್ತದೆ. ಕಾಲು ಹಿಡಿದರೆ ‘ಟಾಕ್ಸಿನ್ ಹೊರಗೆ ಹೋಗ್ತಿದೆ, ಮೊದಲೆರಡು ದಿನ ಹಾಗೇ’ ಎಂದು ಮಾರುವವರು ಸಮಾಧಾನ ಹೇಳುತ್ತಾರೆ. ಅಪಾಯದ ಸೂಚನೆಯನ್ನೇ ಗುಣವಾಗುವ ಲಕ್ಷಣವೆಂದು ನಂಬಿಸುವುದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವ ಸಂಗತಿ.

ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ತೂಕ ಇಳಿಸಲು ಹೆಣಗುವವರೂ ಸಕ್ಕರೆಯ ಮಾತ್ರೆ ನುಂಗುವವರೂ ನಮ್ಮಲ್ಲಿ ಬಹಳಷ್ಟು ಸಲ ಒಬ್ಬರೇ. ಆದ್ದರಿಂದ ಮಾತ್ರೆಗಳ ಹೆಸರು ಹಿಡಿದೇ ಹೇಳಬೇಕು. ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ನುಂಗಿ ಊಟ ಬಿಟ್ಟರೆ ಸಕ್ಕರೆ ಥಟ್ಟನೆ ಇಳಿಯುತ್ತದೆ. ಬೆವರು, ನಡುಕ, ತೊದಲು ಮಾತು ಬರುತ್ತವೆ. ಒಂಟಿಯಾಗಿರುವ ವಯಸ್ಸಾದವರು ಎಚ್ಚರ ತಪ್ಪಿ ಬಿದ್ದರೆ ನೋಡುವವರಿರುವುದಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಭಯ.

ಅದಕ್ಕಿಂತ ಮೋಸದ್ದು ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆ ನುಂಗುವವರ ಸ್ಥಿತಿ. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವ ಒಳ್ಳೆಯ ಔಷಧಗಳು ಇವು. ಹೃದಯಕ್ಕೂ ಮೂತ್ರಪಿಂಡಕ್ಕೂ ಆಸರೆ. ಪೇಟೆಂಟ್ ಮುಗಿದು ಬೆಲೆ ಇಳಿದ ಮೇಲೆ ಸಣ್ಣ ಊರುಗಳಲ್ಲೂ ಬರೆದುಕೊಡುತ್ತಿದ್ದಾರೆ. ಇವನ್ನು ನುಂಗುತ್ತಾ ಉಪವಾಸಕ್ಕೆ ಕುಳಿತರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ಕೀಟೊಆಸಿಡೋಸಿಸ್ ಆಗಬಹುದು. ಸಾಮಾನ್ಯವಾಗಿ ಆ ಸ್ಥಿತಿಯಲ್ಲಿ ಸಕ್ಕರೆ 400, 500 ಇರುತ್ತದೆ, ಹಾಗಾಗಿ ಮನೆಯವರು ಗಾಬರಿಬಿದ್ದು ಓಡುತ್ತಾರೆ. ಈ ಮಾತ್ರೆಯವರಲ್ಲಿ ಗ್ಲೂಕೊಮೀಟರ್ 180 ತೋರಿಸುತ್ತಿರಬಹುದು. ‘ಶುಗರ್ ನಾರ್ಮಲ್ ಇದೆಯಲ್ಲ’ ಎಂದು ಎಲ್ಲರೂ ಸುಮ್ಮನಿರುವಾಗಲೇ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಿರುತ್ತದೆ. ಅದಕ್ಕೆ ಬೇಕಾದದ್ದು ಐಸಿಯು. ಇನ್ನು ತೂಕದ ಚುಚ್ಚುಮದ್ದಿನವರು. ವಾಕರಿಕೆ, ವಾಂತಿ, ಭೇದಿ ಆ ಮದ್ದಿನಲ್ಲೇ ಬರಬಹುದಾದ ತೊಂದರೆಗಳು. ಅದರಿಂದ ನೀರು ಕಳೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದೆಂಬ ಎಚ್ಚರಿಕೆ ಔಷಧದ ವಿವರಣೆಯಲ್ಲೇ ಇದೆ. ಅದರ ಮೇಲೆ ಸೋನಾಮುಖಿ ಚಹಾ ಕುಡಿಯುವುದು, ಜೊತೆಗೆ ಬಿಪಿಗೆ ಟೆಲ್ಮಿಸಾರ್ಟನ್ ನುಂಗುವುದು ಎಂದರೆ ಮೂತ್ರಪಿಂಡವನ್ನು ನಾವೇ ಕೈಯಾರೆ ಅಪಾಯಕ್ಕೆ ತಳ್ಳಿದಂತೆ. ಹೃದಯದ ಕವಾಟ ಬದಲಿಸಿ ವಾರ್ಫರಿನ್ ತೆಗೆದುಕೊಳ್ಳುತ್ತಿರುವವರು ದಿಢೀರನೆ ಲೋಟಗಟ್ಟಲೆ ಸೊಪ್ಪಿನ ರಸ ಕುಡಿದರೆ, ಅದರಲ್ಲಿರುವ ವಿಟಮಿನ್ ಕೆ ಔಷಧದ ಕೆಲಸವನ್ನೇ ಕುಂದಿಸುತ್ತದೆ.

ಬೆಂಗಳೂರಿನ ಉದ್ಯಾನಗಳ ಗೇಟಿನ ಬಳಿ ಬೆಳಗಿನ ಹೊತ್ತು ಸ್ಟೀಲ್ ಪಾತ್ರೆಗಳಲ್ಲಿ ಹಾಗಲ, ಬೂದುಗುಂಬಳ, ಸೋರೆಕಾಯಿ, ಬೀಟ್‌ರೂಟ್ ರಸ ಮಾರುತ್ತಾರೆ. ವಾಕಿಂಗ್ ಮುಗಿಸಿ ಒಂದು ಸಣ್ಣ ಲೋಟ ಕುಡಿದು ಮನೆಗೆ ಹೋಗಿ ಇಡ್ಲಿ ತಿನ್ನುವವರ ಬಗ್ಗೆ ಚಿಂತೆಯಿಲ್ಲ. ಆದರೆ ಸೋರೆಕಾಯಿಯ ವಿಷಯದಲ್ಲಿ ಒಂದು ಎಚ್ಚರ ಬೇಕೇಬೇಕು. 2010ರಲ್ಲಿ ದೆಹಲಿಯಲ್ಲಿ ಕಹಿಯಾದ ಸೋರೆಕಾಯಿ ರಸ ಕುಡಿದ ವಿಜ್ಞಾನಿಯೊಬ್ಬರು ತೀರಿಕೊಂಡರು. ಐಸಿಎಂಆರ್ ತಜ್ಞರ ಸಮಿತಿ ರಚಿಸಿ ಇಂಥ ಪ್ರಕರಣಗಳನ್ನು ಪರಿಶೀಲಿಸಿತು. ಸೋರೆ, ಸೌತೆಯ ಜಾತಿಯ ಕಾಯಿಗಳಲ್ಲಿ ಕುಕುರ್ಬಿಟಸಿನ್ ಎಂಬ ಕಹಿ ವಿಷ ಕೆಲವೊಮ್ಮೆ ವಿಪರೀತವಾಗಿರುತ್ತದೆ. ಕುಡಿದ ಸ್ವಲ್ಪ ಹೊತ್ತಿಗೆ ವಾಂತಿ, ರಕ್ತವಾಂತಿ, ಬಿಪಿ ಕುಸಿತ. ಒಂದು ಚೂರು ಕೊಯ್ದು ನಾಲಿಗೆಗೆ ಮುಟ್ಟಿಸಿ, ಕಹಿಯಿದ್ದರೆ ಇಡೀ ಕಾಯಿ ಎಸೆಯಬೇಕು, ಬೇರೆ ರಸಗಳೊಂದಿಗೆ ಬೆರೆಸಬಾರದು ಎಂಬುದು ಸಮಿತಿಯ ಸಲಹೆ. ಪಲ್ಯ ಮಾಡುವಾಗ ನಮ್ಮ ಅಡುಗೆಮನೆಗಳಲ್ಲಿ ಇದನ್ನು ಹೇಳಿಕೊಡಬೇಕಾಗಿಯೇ ಇಲ್ಲ. ಪಲ್ಯ ಕಹಿಯಾದರೆ ಬಾಯಿಯೇ ಉಗುಳುತ್ತದೆ. ಕಹಿ ಇದ್ದಷ್ಟೂ ಒಳ್ಳೆಯದೆಂದು ಮೂಗು ಹಿಡಿದು ಕುಡಿಯುವ ಡಿಟಾಕ್ಸ್ ರಸದಲ್ಲಿ ಆ ರಕ್ಷಣೆ ತಪ್ಪಿಹೋಗುತ್ತದೆ.

ಮೂತ್ರಪಿಂಡಕ್ಕೆ ಮತ್ತೊಂದು ದಾರಿಯಲ್ಲಿ ಕೇಡಿದೆ. ಪಾಲಕ್, ಬೀಟ್‌ರೂಟ್‌ನಲ್ಲಿ ಆಕ್ಸಲೇಟ್ ಜಾಸ್ತಿ. ಬೇಯಿಸಿ ಬಸಿದ ಸೊಪ್ಪು ಒಂದು ಕಪ್ ತಿನ್ನುವುದಕ್ಕೂ ಎರಡು ಕಟ್ಟು ಹಸಿ ಸೊಪ್ಪನ್ನು ರುಬ್ಬಿ ಬರಿ ಹೊಟ್ಟೆಗೆ ಕುಡಿಯುವುದಕ್ಕೂ ಬಹಳ ಅಂತರವಿದೆ. ಹಸಿರು ಸ್ಮೂದಿ ಕ್ಲೆನ್ಸ್‌ನಿಂದ ಆಕ್ಸಲೇಟ್ ಹರಳು ಕಟ್ಟಿ ಮೂತ್ರಪಿಂಡ ವಿಫಲವಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಮಗೆ ಹತ್ತಿರದ ಉದಾಹರಣೆ ಕೇರಳದ್ದು. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿ ರಸ ಕುಡಿದು ಮೂತ್ರಪಿಂಡ ಕೆಡಿಸಿಕೊಂಡ ಹತ್ತು ಮಂದಿಯ ವಿವರ 2013ರಲ್ಲಿ ಪ್ರಕಟವಾಯಿತು. ಕೆಲವರಿಗೆ ಡಯಾಲಿಸಿಸ್ ಮಾಡಬೇಕಾಯಿತು. ಕರಾವಳಿಯ ಹಿತ್ತಿಲುಗಳಲ್ಲಿ ಮೀನು ಸಾರಿಗೆ, ಉಪ್ಪಿನಕಾಯಿಗೆ ಕೊಯ್ಯುವ ಕಾಯಿಯೇ ಅದು.

ಮಲೆನಾಡಿನ ಉಪ್ಪಾಗೆಯ ಕಥೆಯನ್ನೂ ಇಲ್ಲಿ ಹೇಳಲೇಬೇಕು. ಉತ್ತರ ಕನ್ನಡದ ಕಾಡಂಚಿನ ಜನ ಮಳೆಗಾಲದಲ್ಲಿ ಅದರ ಹಣ್ಣು ಆರಿಸಿ, ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮಾರುತ್ತಾರೆ. ಅದರ ಸಾರವೇ ಗಾರ್ಸಿನಿಯಾ ಕಾಂಬೋಜಿಯಾ ಎಂಬ ಹೆಸರಿನಲ್ಲಿ ಕೊಬ್ಬು ಕರಗಿಸುವ ಕ್ಯಾಪ್ಸೂಲಾಗಿ ಜಗತ್ತನ್ನೆಲ್ಲ ಸುತ್ತುತ್ತದೆ. 1998ರಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ, ಇದನ್ನು ನುಂಗಿದವರಿಗೂ ಹುಸಿಗುಳಿಗೆ ನುಂಗಿದವರಿಗೂ ತೂಕದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ನಂತರದ ವರ್ಷಗಳಲ್ಲಿ ಈ ಸಾರವಿದ್ದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು ಒಂದೊಂದಾಗಿ ವರದಿಯಾದವು. ಸಾರಿಗೆ ಹುಳಿಯಾಗಿ ಉಪ್ಪಾಗೆ ಒಳ್ಳೆಯದೇ. ಭಟ್ಟಿಯಿಳಿಸಿದಂತೆ ಸಾರ ತೆಗೆದು ಗುಳಿಗೆ ತುಂಬಿದಾಗ ಅದು ಬೇರೆಯೇ ವಸ್ತು. ‘ಹರ್ಬಲ್’ ಎಂಬ ಹಣೆಪಟ್ಟಿಯ ಒಳಗೆ ಸಿಬುಟ್ರಮಿನ್ ಬೆರೆಸಿ ಮಾರಿದ್ದು ಹಲವು ದೇಶಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯುವಿನ ಭಯದಿಂದ ಭಾರತ 2011ರಲ್ಲಿ ನಿಷೇಧಿಸಿದ ಔಷಧ ಅದು.

ಅಜ್ಜಿಯರು ಹರಳೆಣ್ಣೆ ಕುಡಿಸುತ್ತಿರಲಿಲ್ಲವೇ, ಏಕಾದಶಿಗೆ ಉಪವಾಸ ಇರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಇರುತ್ತಿದ್ದರು. ಆ ಉಪವಾಸ ತೂಕಕ್ಕಾಗಿ ಇರಲಿಲ್ಲ, ಮರುದಿನ ದ್ವಾದಶಿಯ ಊಟವಿತ್ತು, ಆಗಿನವರ ಕೈಯಲ್ಲಿ ನಾಲ್ಕು ಬಗೆಯ ಮಾತ್ರೆಗಳ ಡಬ್ಬಿಯೂ ಇರಲಿಲ್ಲ. ಆಯುರ್ವೇದವೂ ವಿರೇಚನವನ್ನು ಎಲ್ಲರಿಗೂ ಹೇಳಿಲ್ಲ; ಯಾರಿಗೆ ಮಾಡಬಾರದು ಎಂಬ ಪಟ್ಟಿಯನ್ನು ಚರಕಸಂಹಿತೆಯೇ ಕೊಡುತ್ತದೆ. ರೋಗಿಯ ನಾಡಿ ಹಿಡಿಯದೆ ಕೊರಿಯರ್‌ನಲ್ಲಿ ಭೇದಿಯ ಪುಡಿ ಕಳಿಸುವವರು ಆ ಪರಂಪರೆಯ ಹೆಸರು ಹೇಳುವುದು ತಪ್ಪು. ಬೆಳಗ್ಗೆ ಜೀರಿಗೆ ನೀರು, ಮೆಂತ್ಯದ ನೀರು ಕುಡಿಯುವ ರೂಢಿಗೆ ನಮ್ಮ ಆಕ್ಷೇಪವಿಲ್ಲ. ಅವು ಊಟದ ಜೊತೆಗಿರಲಿ, ಊಟದ ಜಾಗಕ್ಕೆ ಬರುವುದು ಬೇಡ.

ಕಾನೂನು ಇಲ್ಲವೆಂದಲ್ಲ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರದು. ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ತೊಂದರೆಗಳ ಅದರ ಪಟ್ಟಿಯಲ್ಲಿ ಬೊಜ್ಜೂ ಇದೆ. ಆದರೆ ಡಿಟಾಕ್ಸ್ ಚಹಾ ಮಾರುವವರು ಔಷಧದ ಲೆಕ್ಕಕ್ಕೆ ಸೇರದೆ ಆಹಾರದ ಪರವಾನಗಿಯಲ್ಲಿ ಮಾರುತ್ತಾರೆ. ಆಗ ಅನ್ವಯವಾಗಬೇಕಾದದ್ದು ದಾರಿತಪ್ಪಿಸುವ ಹೇಳಿಕೆಗಳನ್ನು ತಡೆಯುವ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳು. ಆರೋಗ್ಯದ ಬಗ್ಗೆ ಮಾತಾಡುವ ಇನ್‌ಫ್ಲುಯೆನ್ಸರ್‌ಗಳಿಗೆ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳು ಗೋಬಿ ಮಂಚೂರಿಯ ಬಣ್ಣದ ಮೇಲೆ, ಬಾಂಬೆ ಮಿಠಾಯಿಯ ಬಣ್ಣದ ಮೇಲೆ 2024ರಲ್ಲಿ ಕ್ರಮ ಕೈಗೊಂಡದ್ದನ್ನು ಜನ ಮೆಚ್ಚಿದ್ದಾರೆ. ಅದೇ ಚುರುಕಿನಲ್ಲಿ ಡಿಟಾಕ್ಸ್ ಪೊಟ್ಟಣಗಳ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸಲಿ. ಸೋನಾಮುಖಿ ಇರುವ ಪೊಟ್ಟಣದ ಮುಂಬದಿಯಲ್ಲೇ ‘ಇದು ಭೇದಿಯ ಔಷಧ’ ಎಂದು ಕನ್ನಡದಲ್ಲಿ ಬರೆಯುವುದನ್ನು ಕಡ್ಡಾಯ ಮಾಡಬೇಕು. ಚುಚ್ಚುಮದ್ದು ಅಗ್ಗವಾಗಿ ಊರೂರಿಗೆ ತಲುಪುವ ಮೊದಲೇ ಇದಾಗಬೇಕು.

ತೂಕ ನಿಂತವರು ಏನು ಮಾಡಬೇಕು? ಮೊದಲು, ನಿಜವಾಗಿ ನಿಂತಿದೆಯೇ ನೋಡಿ. ಒಂದು ವಾರದ ಲೆಕ್ಕ ಲೆಕ್ಕವಲ್ಲ; ಉಪ್ಪು, ಮುಟ್ಟಿನ ದಿನಗಳು, ಮಲಬದ್ಧತೆ ಇಷ್ಟರಿಂದಲೇ ಒಂದೆರಡು ಕಿಲೊ ಮೇಲೆ ಕೆಳಗೆ ಆಗುತ್ತದೆ. ನಾಲ್ಕು ವಾರ ನೋಡಿ, ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಿರಿ. ತೂಕ ನಿಂತಿದ್ದೂ ಸೊಂಟ ಇಳಿಯುತ್ತಿದ್ದರೆ ಕೊಬ್ಬು ಹೋಗುತ್ತಲೇ ಇದೆ. ತಿಂಗಳಿಗೆ ಮನೆಯಲ್ಲಿ ಎಷ್ಟು ಎಣ್ಣೆ ಖಾಲಿಯಾಗುತ್ತದೆ, ಎಷ್ಟು ಜನಕ್ಕೆ ಎಂದು ಲೆಕ್ಕ ಹಾಕಿ. ಕಾಳು, ಮೊಸರು, ಮೊಟ್ಟೆ, ಮೀನು, ಸೋಯಾ ಯಾವುದು ಒಗ್ಗುತ್ತದೋ ಅದು ತಟ್ಟೆಯಲ್ಲಿ ಹೆಚ್ಚಲಿ. ನಡಿಗೆಯ ಜೊತೆ ವಾರಕ್ಕೆ ಎರಡು ಮೂರು ದಿನ ಸ್ನಾಯುಗಳಿಗೆ ಭಾರ ಹಾಕುವ ವ್ಯಾಯಾಮವಿರಲಿ. ಕುರ್ಚಿಯಿಂದ ಎದ್ದು ಕೂರುವುದರಿಂದಲೇ ಶುರುಮಾಡಬಹುದು. ನಿದ್ದೆ ಕೆಡುತ್ತಿದ್ದರೆ, ಗೊರಕೆ ಹೆಚ್ಚಿದ್ದರೆ, ಥೈರಾಯ್ಡ್ ನೋಡಿಸಿಲ್ಲದಿದ್ದರೆ, ಸ್ಟೆರಾಯ್ಡ್ ಅಥವಾ ಮನೋರೋಗದ ಕೆಲವು ಮಾತ್ರೆಗಳಲ್ಲಿದ್ದರೆ ವೈದ್ಯರ ಹತ್ತಿರ ಅದನ್ನೇ ಕೇಳಿ.

ನಿಂತ ತೂಕವನ್ನು ಸೋಲೆಂದು ತಿಳಿಯಬೇಕಾಗಿಯೂ ಇಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರೊಂದಿಗೆ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಊಟ ತಿದ್ದಿಕೊಂಡು, ಓಡಾಟ ಹೆಚ್ಚಿಸಿದವರ ಗುಂಪಿನಲ್ಲಿ ಮಧುಮೇಹಕ್ಕೆ ಜಾರುವ ಸಂಭವ ಶೇಕಡ 28.5ರಷ್ಟು ಕಡಿಮೆಯಾಯಿತು. ಆ ಗುಂಪಿನ ಸರಾಸರಿ ತೂಕ ಹೇಳಿಕೊಳ್ಳುವಂತೆ ಇಳಿದೇ ಇರಲಿಲ್ಲ. ಮುಳ್ಳು ಅಲ್ಲಾಡದ ತಿಂಗಳುಗಳಲ್ಲೂ ನಡಿಗೆ, ಮುದ್ದೆ, ಸೊಪ್ಪಿನ ಸಾರು ರಕ್ತನಾಳಗಳಲ್ಲಿ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ.

ವೈದ್ಯರಿಗೂ ಔಷಧ ಅಂಗಡಿಯವರಿಗೂ ಒಂದು ಕೋರಿಕೆ. ಸಕ್ಕರೆ, ಬಿಪಿ, ತೂಕದ ಮದ್ದು ಬರೆಯುವಾಗ, ಕೊಡುವಾಗ ‘ಜ್ಯೂಸ್, ಪುಡಿ, ಚಹಾ ಏನಾದರೂ ತಗೋತಿದ್ದೀರಾ?’ ಎಂದು ಕೇಳಿ. ಬೈಯುತ್ತಾರೆಂಬ ಭಯವಿದ್ದರೆ ಜನ ಹೇಳುವುದಿಲ್ಲ, ಆದ್ದರಿಂದ ಮೆಲ್ಲಗೆ ಕೇಳಿ. ಈಗಾಗಲೇ ಕ್ಲೆನ್ಸ್ ಶುರುಮಾಡಿರುವವರಿಗೆ ತಲೆಸುತ್ತು, ಬಿಡದ ವಾಂತಿ, ಏದುಸಿರು, ಎದೆ ಡವಡವ, ಕಡಿಮೆಯಾದ ಮೂತ್ರ, ಕಣ್ಣು ಹಳದಿ ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಪೊಟ್ಟಣವನ್ನು ಎಸೆಯದೆ ಜೊತೆಗೇ ಒಯ್ದು ವೈದ್ಯರಿಗೆ ತೋರಿಸಿ. ಔಷಧಗಳಿಂದಾದ ತೊಂದರೆಯನ್ನು ವರದಿ ಮಾಡುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024. ರೋಗಿಗಳೂ ನೇರವಾಗಿ ಕರೆ ಮಾಡಬಹುದು.